ಕಣ್ಣೆದುರಿನ ಕೌತುಕ

ಶ್ರಾವಣ ಮಾಸದ ಮುಂಜಾನೆ. ಕೃಷ್ಣರಾಜನಗರದ ಸುತ್ತಣ ಗದ್ದೆಬಯಲಿನಲ್ಲಿ ಸಸಿಮಡಿಗಳು ಹಸಿರು ಹಾಸಿನಂತೆ ಹಬ್ಬಿವೆ. ಕಾವೇರಿಗೆ ಅಡ್ಡಲಾಗಿ ಕಟ್ಟಿದ ಹಳೆಯ ಕಟ್ಟೆಗಳಿಂದ ಹೊರಟ ಚಾಮರಾಜ ನಾಲೆ, ಮಿರ್ಲೆ ನಾಲೆಗಳ ನೀರು ಗದ್ದೆಯಿಂದ ಗದ್ದೆಗೆ ಹರಿದು ತುಂಬಿ ನಿಂತಿದೆ. ಶಾಲೆಗೆ ಹೊರಟ ಮಕ್ಕಳು ಬದುವಿನ ಮೇಲೆ ಒಬ್ಬರ ಹಿಂದೊಬ್ಬರಾಗಿ ನಡೆಯುತ್ತಾರೆ. ಪೈರಿನ ಒಂದೊಂದು ಗರಿಯ ತುದಿಯಲ್ಲಿಯೂ ಒಂದೊಂದು ನೀರಹನಿ ಮುತ್ತಿನಂತೆ ನಿಂತಿರುತ್ತದೆ. ಸೂರ್ಯನ ಮೊದಲ ಕಿರಣ ತಾಗಿದೊಡನೆ ಬಯಲೆಲ್ಲ ಮಿನುಗುತ್ತದೆ. ಅದನ್ನು ಕಂಡವರು ‘ಇಬ್ಬನಿ’ ಎಂದು ಹೇಳಿ ಮುಂದೆ ಸಾಗುತ್ತಾರೆ. ಅವರ ತಂದೆತಾಯಿಗಳೂ ಹಾಗೆಯೇ ಹೇಳಿದ್ದರು. ಅಜ್ಜ ಅಜ್ಜಿಯರೂ ಹಾಗೆಯೇ ಹೇಳಿದ್ದರು.

ಆ ಮಕ್ಕಳಲ್ಲಿ ಒಬ್ಬಳು ಒಂದು ದಿನ ಬದುವಿನ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ನೋಡಿದಳೆನ್ನೋಣ. ಇಬ್ಬನಿಯಾದರೆ ಅದು ಗರಿಯ ಮೈಯೆಲ್ಲ ಕೂರಬೇಕಾಗಿತ್ತು. ಬದುವಿನ ಕಲ್ಲಿನ ಮೇಲೆ, ಜೇಡರ ಬಲೆಯ ಎಳೆಗಳ ಮೇಲೆ, ಒಣಗಿದ ಕಡ್ಡಿಯ ಮೇಲೆ ಕೂಡ ಕಾಣಬೇಕಾಗಿತ್ತು. ಇಲ್ಲಿ ಕಲ್ಲು ಒಣಗಿದೆ, ಕಡ್ಡಿ ಒಣಗಿದೆ. ಹನಿ ಮಾತ್ರ ಅಳತೆಯಿಟ್ಟು ಪೋಣಿಸಿದಂತೆ ಗರಿಯ ತುತ್ತತುದಿಯಲ್ಲಿಯೇ ಇದೆ. ಅದನ್ನು ಬೆರಳಿನಿಂದ ಒರೆಸಿ ಸ್ವಲ್ಪ ಹೊತ್ತು ಕಾದರೆ ಅದೇ ಜಾಗದಲ್ಲಿ ಇನ್ನೊಂದು ಹನಿ ಮೆಲ್ಲಗೆ ಊದಿಕೊಳ್ಳುತ್ತದೆ. ಆಕಾಶದಿಂದ ಇಳಿದ ನೀರು ಹೀಗೆ ಮಾಡುವುದುಂಟೇ?

ಈ ಸಂದೇಹವನ್ನು ಪರಿಹರಿಸಿಕೊಳ್ಳಲು ಪ್ರಯೋಗಶಾಲೆ ಬೇಡ. ಒಂದು ಮಡಕೆ ಸಾಕು. ಸಂಜೆ ಸಸಿಮಡಿಯ ಒಂದು ಮೂಲೆಯಲ್ಲಿ ನಾಲ್ಕಾರು ಸಸಿಗಳ ಮೇಲೆ ಮಡಕೆಯನ್ನು ಬೋರಲು ಹಾಕಿ, ಬೆಳಗ್ಗೆ ಬಿಸಿಲೇರುವ ಮುನ್ನ ಎತ್ತಿ ನೋಡಬೇಕು. ಬಯಲ ಗಾಳಿಯೂ ಆಕಾಶವೂ ಸೋಕದ ಆ ಸಸಿಗಳ ತುದಿಯಲ್ಲಿಯೂ ಹನಿಗಳಿರುತ್ತವೆ. ಅಂದರೆ ನೀರು ಮೇಲಿನಿಂದ ಬಂದುದಲ್ಲ, ಕೆಳಗಿನಿಂದ ಏರಿದ್ದು. ಹಗಲಿನಲ್ಲಿ ಎಲೆಯ ಸೂಕ್ಷ್ಮರಂಧ್ರಗಳು ತೆರೆದಿದ್ದು, ಬೇರು ಹೀರಿದ ನೀರು ಆವಿಯಾಗಿ ಹೋಗುತ್ತಿರುತ್ತದೆ. ರಾತ್ರಿ ಆ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಆದರೆ ಕೆಸರಿನಲ್ಲಿ ನಿಂತ ಬೇರು ಸುಮ್ಮನಿರುವುದಿಲ್ಲ. ಅದು ನೀರನ್ನು ಹೀರಿ ಮೇಲಕ್ಕೆ ಒತ್ತುತ್ತಲೇ ಇರುತ್ತದೆ. ಆ ಒತ್ತಡಕ್ಕೆ ಮಣಿದ ನೀರು ಗರಿಯ ತುದಿಯಲ್ಲಿರುವ, ಎಂದೂ ಮುಚ್ಚದ ಬೇರೊಂದು ಬಗೆಯ ದ್ವಾರದಿಂದ ಹನಿಯಾಗಿ ಹೊರಬೀಳುತ್ತದೆ. ಇದನ್ನು ಸಸ್ಯಶಾಸ್ತ್ರಜ್ಞರು ಬಿಂದುಸ್ರಾವ ಎನ್ನುತ್ತಾರೆ. ಹಿತ್ತಲಿನ ಬಚ್ಚಲ ನೀರು ಹರಿಯುವಲ್ಲಿ ಬೆಳೆದ ಕೆಸುವಿನ ಎಲೆಯಲ್ಲಿ ಇದು ಇನ್ನೂ ಸ್ಪಷ್ಟ. ರಾತ್ರಿಯಿಡೀ ಅದರ ತುದಿಯಿಂದ ಹನಿ ತೊಟ್ಟಿಕ್ಕಿ ಕೆಳಗಿನ ಮಣ್ಣಿನಲ್ಲಿ ಚಿಕ್ಕ ಗುಳಿ ಬೀಳುವುದುಂಟು. ಬೇರಿನ ಒತ್ತಡವೆಂಬ ಪಾಠವನ್ನು ಪುಸ್ತಕದಲ್ಲಿ ಓದಿ ಮರೆತವನು ಆ ಮಡಕೆಯನ್ನು ಒಮ್ಮೆ ಎತ್ತಿದರೆ ಮತ್ತೆ ಮರೆಯಲಾರ.

ಕಂಡದ್ದಕ್ಕೆ ಒಂದು ಹೆಸರು ಸಿಕ್ಕಿತೆಂದರೆ ಮನಸ್ಸು ತೃಪ್ತಿಪಟ್ಟು ಕಣ್ಣು ಮುಚ್ಚಿಬಿಡುತ್ತದೆ. ಇಬ್ಬನಿ ಎಂಬ ಹೆಸರು ಮಾಡಿದ್ದು ಅದನ್ನೇ.

ಹುಣಸೂರು, ಪಿರಿಯಾಪಟ್ಟಣಗಳ ಕೆಂಪುಭೂಮಿಗೆ ಬರೋಣ. ಇಲ್ಲಿನ ಹೊಲಗಳು ಬೇಸಗೆಯಲ್ಲಿ ಕಾದು ಹುಡಿಯಾಗಿರುತ್ತವೆ. ಹೊಗೆಸೊಪ್ಪಿನ ಸಸಿ ನೆಡಲು ಉತ್ತು ಹದಮಾಡಿ, ಭರಣಿಯ ಮಳೆಗಾಗಿ ರೈತರು ಮುಗಿಲನ್ನು ನೋಡುತ್ತಿರುತ್ತಾರೆ. ಒಂದು ಸಂಜೆ ನಾಲ್ಕು ದಪ್ಪಹನಿಗಳು ಬೀಳುತ್ತವೆ. ಮಳೆ ಇನ್ನೂ ಊರಿಗೆ ಬಂದಿರುವುದೇ ಇಲ್ಲ, ಅದರ ವಾಸನೆ ಬಂದಿರುತ್ತದೆ. ಮನೆಯೊಳಗಿದ್ದ ಮುದುಕರು ಕೂಡ ‘ಎಲ್ಲೋ ಮಳೆ ಬಿತ್ತು’ ಎನ್ನುತ್ತ ಜಗಲಿಗೆ ಬರುತ್ತಾರೆ. ಆ ಕಂಪಿನಲ್ಲಿ ಏನಿದೆ? ‘ಮಣ್ಣಿನ ವಾಸನೆ’ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮಣ್ಣು ವರ್ಷವೆಲ್ಲ ಅಲ್ಲಿಯೇ ಇರುವಾಗ ಆ ವಾಸನೆ ಮಾತ್ರ ಅಂದೇ ಏಕೆ ಬಂದಿತು?

1964ರಲ್ಲಿ ಆಸ್ಟ್ರೇಲಿಯದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡರು. ಒಣಹವೆಯಲ್ಲಿ ಕಾದ ಕಲ್ಲು ಮಣ್ಣುಗಳು ಸುತ್ತಲಿನಿಂದ ಎಣ್ಣೆಯಂತಹ ದ್ರವ್ಯಗಳನ್ನು ಹೀರಿಟ್ಟುಕೊಳ್ಳುತ್ತವೆಂದೂ ತೇವ ತಾಗಿದಾಗ ಅವು ಗಾಳಿಗೆ ಬಿಡುಗಡೆಯಾಗುತ್ತವೆಂದೂ ತೋರಿಸಿದರು. ಆ ಪರಿಮಳಕ್ಕೆ ‘ಪೆಟ್ರಿಕಾರ್’ ಎಂದು ಹೆಸರಿಟ್ಟರು. ಆದರೆ ಉತ್ತರ ಪ್ರದೇಶದ ಕನೌಜಿನ ಅತ್ತರು ತಯಾರಕರು ಇದನ್ನು ಬಹುಕಾಲದ ಹಿಂದೆಯೇ ಬಲ್ಲವರಾಗಿದ್ದರು. ಒಣಗಿದ ಮಣ್ಣಿನ ಬಿಲ್ಲೆಗಳನ್ನು ನೀರಿನೊಡನೆ ಬೇಯಿಸಿ, ಏಳುವ ಆವಿಯನ್ನು ಶ್ರೀಗಂಧದ ಎಣ್ಣೆಯಲ್ಲಿ ಹಿಡಿದಿಟ್ಟು ಮಣ್ಣಿನ ಅತ್ತರನ್ನು ಮಾರುತ್ತಿದ್ದರು. ಮಳೆಯ ಕಂಪನ್ನು ಸೀಸೆಯಲ್ಲಿ ತುಂಬಿದ ಈ ಜಾಣ್ಮೆಯನ್ನು ಆಸ್ಟ್ರೇಲಿಯದ ಆ ವಿಜ್ಞಾನಿಗಳೂ ಗುರುತಿಸಿದ್ದಾರೆ.

ಈ ಕಂಪಿನ ಇನ್ನೊಂದು ಪಾಲು ಮಣ್ಣಿನದೂ ಅಲ್ಲ, ಅದರಲ್ಲಿ ಬಾಳುವ ಸೂಕ್ಷ್ಮಜೀವಿಗಳದು. ಸ್ಟ್ರೆಪ್ಟೊಮೈಸಿಸ್ ಎಂಬ ಕುಲದ ಬ್ಯಾಕ್ಟೀರಿಯಗಳು ಜಿಯೊಸ್ಮಿನ್ ಎಂಬ ವಸ್ತುವನ್ನು ತಯಾರಿಸುತ್ತವೆ. ಕ್ಷಯರೋಗಕ್ಕೆ ಮೊದಲ ಪರಿಣಾಮಕಾರಿ ಔಷಧವಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ದೊರೆತದ್ದು ಇದೇ ಕುಲದ ಜೀವಿಯಿಂದ. ಜಿಯೊಸ್ಮಿನ್ ಎಷ್ಟೇ ಅಲ್ಪವಾಗಿದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಬ್ಯಾಕ್ಟೀರಿಯ ಇದನ್ನು ಮನುಷ್ಯನ ಸುಖಕ್ಕಾಗಿ ತಯಾರಿಸುವುದಿಲ್ಲವಷ್ಟೆ. ಎಳ್ಳಿನ ಕಾಳಿಗಿಂತಲೂ ಚಿಕ್ಕದಾದ, ನೆಗೆದು ನೆಗೆದು ಮಣ್ಣಿನಲ್ಲಿ ಸಂಚರಿಸುವ ಒಂದು ಬಗೆಯ ಜೀವಿಗಳು ಈ ವಾಸನೆಗೆ ಆಕರ್ಷಿತವಾಗಿ ಬಂದು ಬ್ಯಾಕ್ಟೀರಿಯವನ್ನು ಮೇಯುತ್ತವೆಂದೂ, ಅದರ ಬೀಜಕಣಗಳನ್ನು ಮೈಗೆ ಅಂಟಿಸಿಕೊಂಡು ದೂರಕ್ಕೆ ಒಯ್ಯುತ್ತವೆಂದೂ 2020ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಇನ್ನು ವಾಸನೆ ಮೇಲೇಳುವ ಬಗೆಯನ್ನು 2015ರಲ್ಲಿ ಅಮೆರಿಕದ ವಿಜ್ಞಾನಿಗಳು ಅತಿವೇಗದ ಕ್ಯಾಮೆರಾದಿಂದ ಸೆರೆಹಿಡಿದರು. ಹನಿ ನೆಲಕ್ಕೆ ಬಡಿದಾಗ ಅದರಡಿ ಸಿಕ್ಕ ಗಾಳಿ ಸಣ್ಣ ಗುಳ್ಳೆಗಳಾಗಿ ಹನಿಯೊಳಗೆ ಏರಿ ಒಡೆಯುತ್ತದೆ. ಸೋಡಾ ನೀರಿನಿಂದ ತುಂತುರು ಸಿಡಿಯುವಂತೆ ವಾಸನೆ ಹೊತ್ತ ಕಣಗಳು ಗಾಳಿಗೆ ಸಿಡಿಯುತ್ತವೆ. ಜಡಿಮಳೆಗಿಂತ ಹದವಾದ ಮಳೆಯಲ್ಲಿಯೇ ಇದು ಹೆಚ್ಚು. ಬಿರುಮಳೆ ಹೊಯ್ದ ದಿನ ಕಂಪು ಅಷ್ಟಾಗಿ ತಿಳಿಯದಿದ್ದರೆ, ಮೂಗಿನ ತಪ್ಪಲ್ಲ.

ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಗಳಲ್ಲಿ ನೋಡಲು ಸಿಗುವ ಒಂದು ದೃಶ್ಯವನ್ನು ದೂರದಿಂದಲೇ ನೋಡಬೇಕು. ಎತ್ತರದ ಬೂರುಗದ ಮರದ ಕೊಂಬೆಯಡಿಯಲ್ಲೋ ನೀರಿನ ಮೇಲ್ತೊಟ್ಟಿಯ ಕೆಳಗೋ ಹೆಜ್ಜೇನಿನ ಹುಟ್ಟು ತೂಗುತ್ತಿರುತ್ತದೆ. ಕಪ್ಪು ಕಂಬಳಿ ಇಳಿಬಿಟ್ಟಂತೆ ಕಾಣುವ ಅದರ ಮೇಲ್ಮೈ ಸಂಪೂರ್ಣ ಜೇನುಗಳಿಂದ ಮುಚ್ಚಿರುತ್ತದೆ. ಇದ್ದಕ್ಕಿದ್ದಂತೆ ಆ ಕಂಬಳಿಯ ಮೇಲೆ ಒಂದು ಅಲೆ ಓಡುತ್ತದೆ. ರಾಗಿಯ ಹೊಲದ ಮೇಲೆ ಗಾಳಿ ಹಾದಂತೆ. ಆದರೆ ಮರದ ಎಲೆಯೊಂದೂ ಅಲುಗಿರುವುದಿಲ್ಲ. ಆಸ್ಟ್ರಿಯದ ಜೆರಾಲ್ಡ್ ಕಾಸ್ಟ್‌ಬರ್ಗರ್ ಮತ್ತು ಅವರ ಸಂಗಡಿಗರು ಇದನ್ನು ವರ್ಷಗಳ ಕಾಲ ಅಭ್ಯಸಿಸಿ, ಜೇನುಗಳು ಒಂದರ ಬೆನ್ನಿಗೆ ಒಂದು ತಮ್ಮ ಹಿಂಭಾಗವನ್ನು ಮೇಲೆತ್ತುವುದರಿಂದ ಈ ಅಲೆ ಏಳುತ್ತದೆಂದೂ, ಬೇಟೆಗೆ ಬಂದ ದೊಡ್ಡ ಕಣಜಗಳು ಅದನ್ನು ಕಂಡು ಹಿಂಜರಿಯುತ್ತವೆಂದೂ 2008ರಲ್ಲಿ ವಿವರಿಸಿದರು. ಇನ್ನೂ ಸೋಜಿಗದ ಸಂಗತಿ ಬೇರೆಯಿದೆ. ಮಳೆಗಾಲಕ್ಕೆ ಹುಟ್ಟು ಬಿಟ್ಟು ದೂರ ಹೋದ ಹೆಜ್ಜೇನುಗಳು ತಿಂಗಳುಗಳ ಬಳಿಕ ಅದೇ ಮರಕ್ಕೆ, ಕೆಲವೊಮ್ಮೆ ಅದೇ ಕೊಂಬೆಗೆ ಮರಳುತ್ತವೆ. ಕೆಲಸದ ಜೇನಿನ ಆಯುಸ್ಸು ಕೆಲವೇ ವಾರಗಳು. ಹೋದವು ಮರಳಲಿಲ್ಲ, ಮರಳಿದವು ಆ ಮರವನ್ನು ಎಂದೂ ಕಂಡಿರಲಿಲ್ಲ! ಈ ಬರವು ಹೋಗುವಿಕೆಗಳನ್ನು ಪುಸ್ತಕದ ನೆರವಿಲ್ಲದೆ ತಲೆಮಾರುಗಳಿಂದ ಬಲ್ಲವರು, ಹೆಸರಿನಲ್ಲಿಯೇ ಜೇನನ್ನು ಹೊತ್ತ ಇಲ್ಲಿನ ಜೇನುಕುರುಬರು. ಯಾವ ಹೂವು ಅರಳಿದಾಗ ಯಾವ ಜೇನು ಎಲ್ಲಿ ಕಟ್ಟುತ್ತದೆಂಬುದು ಅವರ ಬದುಕಿನ ಲೆಕ್ಕ.

ಈ ನಾಲ್ಕು ಸೀಮೆಗಳನ್ನು ಮೂರು ನದಿಗಳು ತೋಯಿಸುತ್ತವೆ. ಪಿರಿಯಾಪಟ್ಟಣ, ಕೃಷ್ಣರಾಜನಗರಗಳ ಬದಿಯಲ್ಲಿ ಕಾವೇರಿ, ಹುಣಸೂರಿನಲ್ಲಿ ಲಕ್ಷ್ಮಣತೀರ್ಥ, ಕೋಟೆಯ ಕಡೆ 1974ರಲ್ಲಿ ಅಣೆಕಟ್ಟು ಪೂರ್ಣಗೊಂಡ ಕಪಿಲೆ ಅಥವಾ ಕಬಿನಿ. ಮೂರರ ದಡದಲ್ಲಿಯೂ ಒಂದು ಮರ ತಪ್ಪದೆ ಕಾಣುತ್ತದೆ. ಅದು ಅತ್ತಿ. ಕಾಂಡಕ್ಕೇ ನೇರವಾಗಿ ಗೊಂಚಲು ಗೊಂಚಲಾಗಿ ಕಾಯಿ ಬಿಡುವ ಈ ಮರವನ್ನು ಗುರುತಿಸದ ಹಳ್ಳಿಯ ಹುಡುಗನಿಲ್ಲ. ಹಣ್ಣಾದಾಗ ಕೆಂಪಾಗಿ ಹೊಳೆಯುತ್ತದೆ. ಕೊಯ್ದು ಬಿಡಿಸಿದರೆ ಒಳಗೆ ಹುಳು. ಹೊರಗೆ ಚೆಲುವಾಗಿ ಒಳಗೆ ಕೆಟ್ಟಿರುವ ಎಲ್ಲವನ್ನೂ ಜನ ಅತ್ತಿಯ ಹಣ್ಣಿಗೆ ಹೋಲಿಸುವುದು ವಾಡಿಕೆಯಾಗಿದೆ. ಅತ್ತಿಯ ಹೂವನ್ನು ಕಂಡವರಿಲ್ಲವೆಂಬ ಮಾತೂ ಇದೆ. ಈ ಎರಡು ಮಾತುಗಳೂ ಒಂದೇ ಗುಟ್ಟನ್ನು ಬಚ್ಚಿಟ್ಟಿವೆ.

ಎಳೆಯ ಹಸಿರು ಕಾಯೊಂದನ್ನು ಉದ್ದಕ್ಕೆ ಸೀಳಿ ನೋಡಿದರೆ ಒಳಗೋಡೆಯ ತುಂಬ ಒತ್ತೊತ್ತಾಗಿ ನಿಂತ ಸೂಜಿಮೊನೆಯಷ್ಟು ಚಿಕ್ಕ ಎಳೆಗಳು ಕಾಣುತ್ತವೆ. ಅವೇ ಅತ್ತಿಯ ಹೂವುಗಳು. ಒಂದು ಕಾಯೊಳಗೆ ಸಾವಿರಾರು. ನಾವು ಕಾಯಿ ಎನ್ನುವುದು ವಾಸ್ತವವಾಗಿ ಒಳಮುಖವಾಗಿ ಮಡಚಿಕೊಂಡ ಹೂಗೊಂಚಲು. ಕಾಯಿಯ ತಲೆಯ ಕಡೆ ಎಲೆಚಕ್ಕೆಗಳಿಂದ ಮುಚ್ಚಿದ ಒಂದು ಕಿರುಬಾಗಿಲಿದೆ. ಗಾಳಿಯಾಗಲಿ ಜೇನಾಗಲಿ ಚಿಟ್ಟೆಯಾಗಲಿ ಆ ಬಾಗಿಲಿನಲ್ಲಿ ನುಗ್ಗಲಾರವು. ಹಾಗಾದರೆ ಒಂದು ಹೂವಿನ ಪರಾಗ ಇನ್ನೊಂದಕ್ಕೆ ತಲುಪುವುದು ಹೇಗೆ?

ತಲುಪಿಸುವುದು, ಜನ ಹಳಿಯುವ ಆ ಹುಳುವೇ. ಅದು ಹುಳುವೂ ಅಲ್ಲ, ಕಣಜದ ಜಾತಿಗೆ ಸೇರಿದ, ಎರಡು ಮಿಲಿಮೀಟರು ಉದ್ದದ ಒಂದು ಕೀಟ. ಹೂವುಗಳು ಸಿದ್ಧವಾದಾಗ ಕಾಯಿ ಒಂದು ವಾಸನೆಯನ್ನು ಹೊರಸೂಸುತ್ತದೆ. ಅದನ್ನು ಹಿಡಿದು ಬಂದ ಹೆಣ್ಣು ಕಣಜ ಕಿರುಬಾಗಿಲಿನ ಚಕ್ಕೆಗಳ ನಡುವೆ ಮೈತೂರಿಸುತ್ತದೆ. ದಾರಿ ಎಷ್ಟು ಇಕ್ಕಟ್ಟೆಂದರೆ ಅದರ ರೆಕ್ಕೆಗಳು ಕಿತ್ತು ಬಾಗಿಲಲ್ಲಿಯೇ ಉಳಿಯುತ್ತವೆ, ಮೀಸೆಗಳೂ ಮುರಿಯುತ್ತವೆ. ಒಳಹೊಕ್ಕದ್ದು ಮತ್ತೆ ಹಾರುವ ಮಾತಿಲ್ಲ. ಎದೆಯ ಕೆಳಗಿನ ಎರಡು ಚೀಲಗಳಲ್ಲಿ ತಾನು ಹುಟ್ಟಿದ ಮರದ ಪರಾಗವನ್ನು ತುಂಬಿ ತಂದಿರುವ ಅದು, ಕತ್ತಲಲ್ಲಿ ಹೂವಿನಿಂದ ಹೂವಿಗೆ ತೆವಳುತ್ತ ಪರಾಗವನ್ನು ತೆಗೆದು ಹಚ್ಚುತ್ತದೆ, ಮೊಟ್ಟೆಯಿಡುತ್ತದೆ. ಹೂವುಗಳಲ್ಲಿ ಗಿಡ್ಡವಾದವೂ ನೀಳವಾದವೂ ಇವೆ. ಗಿಡ್ಡ ಹೂವಿನ ತಳಕ್ಕೆ ಅದರ ಮೊಟ್ಟೆಯಿಡುವ ಸೂಜಿ ಮುಟ್ಟುತ್ತದೆ. ಅಲ್ಲಿ ಮರಿ ಬೆಳೆಯುತ್ತದೆ. ನೀಳವಾದ ಹೂವಿನ ತಳಕ್ಕೆ ಸೂಜಿ ಎಟುಕದು. ಅಲ್ಲಿ ಬೀಜ ಬೆಳೆಯುತ್ತದೆ. ಕಣಜಕ್ಕೆ ಅದರ ಪಾಲು, ಮರಕ್ಕೆ ಮರದ ಪಾಲು. ಕೆಲಸ ಮುಗಿಸಿ ತಾಯಿ ಅಲ್ಲಿಯೇ ಸಾಯುತ್ತದೆ.

ಕೆಲವು ವಾರಗಳು ಕಳೆದ ಮೇಲೆ ಗಂಡುಗಳು ಮೊದಲು ಹೊರಬರುತ್ತವೆ. ಅವುಗಳಿಗೆ ರೆಕ್ಕೆಯಿಲ್ಲ, ಕಣ್ಣೂ ಹೆಸರಿಗೆ ಮಾತ್ರ. ಹೆಣ್ಣುಗಳನ್ನು ಕೂಡಿ, ಬಳಿಕ ಒಟ್ಟಾಗಿ ಕಾಯಿಯ ಗೋಡೆಯನ್ನು ಕಡಿದು ಹೊರಕ್ಕೆ ಒಂದು ಸುರಂಗ ಕೊರೆಯುತ್ತವೆ. ತಾವು ಎಂದೂ ಹಾರದ ಬೆಳಕಿಗೆ ದಾರಿ ಮಾಡಿಕೊಟ್ಟು ಅವು ಮಡಿಯುತ್ತವೆ. ಅಷ್ಟು ಹೊತ್ತಿಗೆ ಒಳಗಿನ ಗಂಡುಹೂವುಗಳು ಅರಳಿ ಪರಾಗ ಸಿದ್ಧವಾಗಿರುತ್ತದೆ. ಹೆಣ್ಣುಗಳು ಚೀಲ ತುಂಬಿಕೊಂಡು ಸುರಂಗದಿಂದ ಹಾರುತ್ತವೆ. ಅವು ಹೋದ ಮೇಲೆಯೇ ಕಾಯಿ ಮೆತ್ತಗಾಗುವುದು, ಕೆಂಪೇರುವುದು, ಸಿಹಿಯಾಗುವುದು. ಕೆಂಪು ಹಣ್ಣಿನ ಮೇಲೆ ಕಾಣುವ ಸಣ್ಣ ತೂತನ್ನು ಹುಳು ಕೊರೆದು ಒಳಹೊಕ್ಕ ಗುರುತೆಂದು ಎಲ್ಲರೂ ತಿಳಿಯುತ್ತಾರೆ. ಅದು ಹೊರಟುಹೋದ ಗುರುತು. ಕೊಳೆತು ನೆಲಕ್ಕೆ ಬಿದ್ದ ಹಣ್ಣಿನಲ್ಲಿ ತೆವಳುವ ಬಿಳಿ ಮರಿಹುಳುಗಳು ಬೇರೆ ಕೀಟಗಳವು, ಆಮೇಲೆ ಬಂದವು. ಅವುಗಳ ದೆಸೆಯಿಂದ ಈ ಕಣಜಕ್ಕೆ ಕೆಟ್ಟ ಹೆಸರು.

ಈ ಪುಟ್ಟ ಲೋಕದಲ್ಲಿ ಕಳ್ಳರೂ ಇದ್ದಾರೆ. ಒಳಹೊಗದೆ, ಹೊರಗಿನಿಂದಲೇ ಕಾಯಿಯ ಗೋಡೆಯನ್ನು ಕೊರೆದು ಮೊಟ್ಟೆಯಿಡುವ ಬೇರೆ ಕಣಜಗಳಿವೆ. ಕೂದಲಿಗಿಂತ ತೆಳುವಾದ, ಮೈಗಿಂತ ಉದ್ದವಾದ ಅವುಗಳ ಸೂಜಿ ಅಷ್ಟು ಗಟ್ಟಿಯಾದ ಕಾಯನ್ನು ಕೊರೆಯುವುದು ಹೇಗೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲಕ್ಷ್ಮೀನಾಥ್ ಕುಂದನಾಟಿ ಮತ್ತು ನಮ್ರತಾ ಗುಂಡಯ್ಯ ಪರೀಕ್ಷಿಸಿದರು. ಆ ಸೂಜಿಯ ತುದಿಯಲ್ಲಿ ಗರಗಸದಂತಹ ಹಲ್ಲುಗಳಿದ್ದವು. ಅವುಗಳನ್ನು ಗಟ್ಟಿಗೊಳಿಸಲು ಸತುವಿನ ಅಂಶ ಸೇರಿತ್ತು. 2014ರಲ್ಲಿ ಇದು ಪ್ರಕಟವಾಯಿತು. ಅದೇ ಸಂಸ್ಥೆಯ ರೆನೀ ಬೋರ್ಜಸ್ ಅವರೂ ಅವರ ವಿದ್ಯಾರ್ಥಿಗಳೂ ಅತ್ತಿ ಮತ್ತು ಕಣಜಗಳ ಈ ಸಂಸಾರವನ್ನು ಅನೇಕ ವರ್ಷಗಳಿಂದ ಅಭ್ಯಸಿಸಿದ್ದಾರೆ. ಎಲೆಗಳನ್ನು ಹೆಣೆದು ಗೂಡುಕಟ್ಟುವ ಕೆಂಜಿಗಗಳು ಕಾಯಿಯ ಮೇಲೆ ಕಾವಲು ತಿರುಗುತ್ತ ಈ ಕಳ್ಳರನ್ನು ಹಿಡಿಯುತ್ತವೆ. ಮರವೇರಿದ ಹುಡುಗರನ್ನು ಕಚ್ಚಿ ಇಳಿಸುವವೂ ಅವೇ.

ಹಾರಿಹೋದ ಹೆಣ್ಣಿನ ಕಥೆ ಇನ್ನೂ ಮುಗಿದಿಲ್ಲ. ಅದಕ್ಕಿರುವ ಆಯುಸ್ಸು ಒಂದೆರಡು ದಿನ. ಆ ಅವಧಿಯೊಳಗೆ ಅದಕ್ಕೆ ಇನ್ನೊಂದು ಅತ್ತಿಯ ಮರ, ಅದರಲ್ಲಿಯೂ ಸರಿಯಾದ ಹದದಲ್ಲಿರುವ ಎಳೆಗಾಯಿ ಸಿಗಬೇಕು. ಹುಟ್ಟಿದ ಮರದಲ್ಲಿ ಆಗ ಸಾಮಾನ್ಯವಾಗಿ ಎಳೆಗಾಯಿ ಇರುವುದಿಲ್ಲ, ಏಕೆಂದರೆ ಒಂದು ಮರದ ಕಾಯಿಗಳೆಲ್ಲ ಬಹುಮಟ್ಟಿಗೆ ಒಟ್ಟಿಗೆ ಮಾಗುತ್ತವೆ. ಪುಣ್ಯಕ್ಕೆ ಬೇರೆ ಬೇರೆ ಮರಗಳು ಬೇರೆ ಬೇರೆ ಕಾಲದಲ್ಲಿ ಕಾಯಿ ಬಿಡುತ್ತವೆ. ಕೀಟ ಮರಗಳ ತಲೆಯ ಮೇಲಕ್ಕೇರಿ ಗಾಳಿಗೆ ಮೈಯೊಡ್ಡುತ್ತದೆ. ವಾಸನೆ ಸಿಕ್ಕಿದಲ್ಲಿ ಇಳಿಯುತ್ತದೆ. ಆಫ್ರಿಕದ ನಮೀಬಿಯದಲ್ಲಿ, ಮರುಭೂಮಿಯ ನಡುವೆ ಹರಿಯುವ ಒಂದು ನದಿಯ ದಂಡೆಯಲ್ಲಿ ಅಲ್ಲೊಂದು ಇಲ್ಲೊಂದು ಬೆಳೆದ, ನಮ್ಮ ಅತ್ತಿಗೆ ಹತ್ತಿರದ ಬಂಧುವಾದ ಮರಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಈ ಬಗೆಯ ಕಣಜ 160 ಕಿಲೋಮೀಟರಿನಷ್ಟು ದೂರದವರೆಗೂ ಪರಾಗವನ್ನು ಒಯ್ದಿತೆಂದು 2009ರಲ್ಲಿ ಪ್ರಕಟಿಸಿದರು. ಎರಡು ಮಿಲಿಮೀಟರಿನ ಜೀವಿಗೆ ಇದು ಸಾಮಾನ್ಯ ಯಾತ್ರೆಯಲ್ಲ. ಆದರೆ ಹೊರಟ ಸಾವಿರಾರರಲ್ಲಿ ಗುರಿ ಮುಟ್ಟುವವು ಕೆಲವೇ ಕೆಲವು. ನಡುವಣ ಮರಗಳು ವಿರಳವಾದಷ್ಟೂ ಆ ಕೆಲವು ಇನ್ನೂ ಕಡಿಮೆಯಾಗುತ್ತವೆ.

ಇಲ್ಲಿಯೇ ಹಳೆಯ ಮಾತಿನ ಬೆಲೆ ತೆರಬೇಕಾಗುತ್ತದೆ. ಅತ್ತಿಯ ಮರ ತೊಲೆಗೆ ಬಾರದು, ಬಾಗಿಲಿಗೆ ಬಾರದು. ಹೋಮದ ಸಮಿತ್ತಿಗೆ ಒಂದಿಷ್ಟು ಕಡ್ಡಿ ಸಾಕು. ಹಣ್ಣು ಹುಳುಕೆಂದು ಹೆಸರಾಯಿತು. ಹೀಗಿರುವಾಗ ರಸ್ತೆ ಅಗಲಿಸುವಲ್ಲಿ, ಹೊಳೆಯಂಚಿನ ಹೊಲವನ್ನು ಇನ್ನೆರಡು ಮಾರು ಚಾಚುವಲ್ಲಿ ಅದನ್ನು ಉಳಿಸಿಕೊಳ್ಳಲು ಯಾರೂ ವಾದಿಸುವುದಿಲ್ಲ. ಆದರೆ ಬೇರೆ ಹಣ್ಣುಗಳಿಲ್ಲದ ತಿಂಗಳಲ್ಲಿಯೂ ಎಲ್ಲೋ ಒಂದು ಅತ್ತಿ ಹಣ್ಣಾಗಿರುತ್ತದೆ. ಕುಟುರಹಕ್ಕಿ, ಮಂಗಟ್ಟೆ, ಬಾವಲಿ, ಮುಸುವಗಳು ಅದನ್ನು ನಂಬಿಕೊಂಡಿರುತ್ತವೆ. ಉದುರಿದ್ದನ್ನು ಜಿಂಕೆಗಳು ಆಯುತ್ತವೆ, ನೀರಿಗೆ ಬಿದ್ದದ್ದನ್ನು ಮೀನುಗಳು ಕಚ್ಚುತ್ತವೆ. ಇಷ್ಟು ಬಾಯಿಗಳ ಅನ್ನ ಎರಡು ಮಿಲಿಮೀಟರಿನ ಆ ಕಣಜದ ರೆಕ್ಕೆಯ ಮೇಲಿದೆ.

ಹುಣಸೂರಿನ ಹತ್ತಿರ ಲಕ್ಷ್ಮಣತೀರ್ಥದ ದಡಕ್ಕೆ ಹೋದವರು, ಪೂರ್ತಿ ಬಲಿತು ಇನ್ನೂ ಹಸಿರಾಗಿರುವ, ಕೆಂಪೇರಲು ಒಂದೆರಡು ದಿನವಿರುವ ಕಾಯೊಂದನ್ನು ಬೆಳಗಿನ ಹೊತ್ತು ಕೊಯ್ದು ಚಾಕುವಿನಿಂದ ಮೆಲ್ಲಗೆ ಹೋಳುಮಾಡಬೇಕು. ಒಳಗೆ ಮಂದಗತಿಯಲ್ಲಿ ಹೊರಳಾಡುವ, ರೆಕ್ಕೆಯಿಲ್ಲದ ಕಂದುಬಣ್ಣದ ಗಂಡುಗಳು ಕಾಣುತ್ತವೆ; ಅವುಗಳ ನಡುವೆ ಹೊಳೆಯುವ ಕಪ್ಪು ಹೆಣ್ಣುಗಳು. ಹೋಳನ್ನು ಅಂಗೈ ಮೇಲೆ ಬಿಸಿಲಿಗೆ ಹಿಡಿದರೆ ಕೆಲವು ಅಂಚಿಗೆ ಬಂದು ನಿಲ್ಲುತ್ತವೆ, ಮೀಸೆಯನ್ನು ಒರೆಸಿಕೊಳ್ಳುತ್ತವೆ, ಮುದುರಿದ ರೆಕ್ಕೆಗಳನ್ನು ಬಿಡಿಸುತ್ತವೆ. ಬಳಿಕ ಒಂದೊಂದಾಗಿ ಎದ್ದು, ಹೊಳೆಯ ಆಚೆದಡದ ಕಡೆಗೆ ಹಾರಿ ಬೆಳಕಿನಲ್ಲಿ ಕಾಣದಾಗುತ್ತವೆ.